ಮಕ್ಕಳ ಚಿತ್ತವಿಕಲತೆ: ಗುಳಿಗೆಯಿಂದ ಏನಾಗುತ್ತದೆ, ಏನಾಗುವುದಿಲ್ಲ

(ಗಿರಣಿ ಕಾರ್ಮಿಕರ ಮತ್ತು ಸಣ್ಣ ವ್ಯಾಪಾರಿಗಳ ಸಭೆಯಲ್ಲಿ ಮಾಡಿದ ಭಾಷಣದ ಪಾಠ)

ಕಾರ್ಮಿಕ ಸಂಗಾತಿಗಳೆ, ಅಂಗಡಿಕಾರ ಬಂಧುಗಳೆ, ಪಾಳಿ ಮುಗಿಸಿ ಊಟವನ್ನೂ ಮಾಡದೆ ಬಂದು ಕುಳಿತಿರುವ ತಾಯಂದಿರೆ,

ಈ ವೇದಿಕೆಯ ಮೇಲಿಂದ ನೀವು ವಾಡಿಕೆಯಾಗಿ ಕೇಳುವುದು ತುಟ್ಟಿಭತ್ಯೆಯ ಮಾತು, ಬೋನಸ್ಸಿನ ಮಾತು, ಪೇಟೆಯ ತೆರಿಗೆಯ ಮಾತು. ಇಂದು ನಾವು ಎತ್ತಿಕೊಂಡಿರುವ ವಿಷಯ ಬೇರೆ. ಮಕ್ಕಳಿಗೂ ಹದಿಹರೆಯದವರಿಗೂ ಬರುವ ಚಿತ್ತವಿಕಲತೆ ಎಂಬ ಕಾಯಿಲೆ, ಅದಕ್ಕೆ ಕೊಡುವ ಗುಳಿಗೆ, ಆ ಗುಳಿಗೆಯಿಂದ ಎಷ್ಟು ಗುಣ, ಎಷ್ಟು ತೊಂದರೆ ಎಂಬ ಲೆಕ್ಕ: ಇದೇ ಇಂದಿನ ಮಾತು.

ಇದು ನಮ್ಮ ಸಭೆಗೆ ತಕ್ಕ ವಿಷಯವೆ ಎಂದು ಯಾರಾದರೂ ಕೇಳಬಹುದು. ಕೇಳಲಿ. ಸಂಘದ ಕಚೇರಿಗೆ ಸಾಲಕ್ಕಾಗಿ ಬರುವವರನ್ನು ನಾವು ನೋಡುತ್ತಿದ್ದೇವೆ. ಮದುವೆಗೆ ಬರುತ್ತಾರೆ, ಮನೆಯ ಮಾಡಿಗೆ ಬರುತ್ತಾರೆ. ಇವರ ನಡುವೆ, ಯಾತಕ್ಕೆ ಸಾಲ ಎಂದು ಕೇಳಿದರೆ ತಲೆ ತಗ್ಗಿಸಿ ಸುಮ್ಮನೆ ನಿಲ್ಲುವ ತಂದೆ ಒಬ್ಬನಿರುತ್ತಾನೆ. ಅವನ ಮನೆಯಲ್ಲಿ ಒಂದು ಮಗು ಒಬ್ಬೊಬ್ಬನೆ ಮಾತಾಡುತ್ತಿದೆ. ಅವನು ಆ ಗುಡಿ ಈ ದರ್ಗಾ ಸುತ್ತಿ, ಹೆಂಡತಿಯ ಕಿವಿಯೋಲೆ ಒತ್ತೆಯಿಟ್ಟು, ಹತ್ತು ಪಾಳಿ ಕಳೆದುಕೊಂಡು ಕಡೆಗೆ ನಮ್ಮ ಬಳಿ ಬಂದಿದ್ದಾನೆ. ದುಡಿಯುವವನ ಕೂಲಿಯನ್ನು ತಿನ್ನುವ ಯಾವ ಸಂಕಟವೂ ಈ ವೇದಿಕೆಗೆ ಹೊರತಾದುದಲ್ಲ.

ನಾವು ವೈದ್ಯರಲ್ಲ. ಮೆಟ್ರಿಕ್ ಮುಗಿಸಿ ಕೆಲವು ವರ್ಷ ಶಾಲೆಯಲ್ಲಿ ಪಾಠ ಹೇಳಿ ಆಮೇಲೆ ಪಕ್ಷದ ಕೆಲಸಕ್ಕೆ ಬಂದವರು. ಓದಿ ತಿಳಿದದ್ದನ್ನೂ, ಕಾಯಿಲೆಯ ಮಕ್ಕಳ ಜೊತೆ ಆಸ್ಪತ್ರೆಗೆ ಹೋಗಿ ಕೇಳಿ ತಿಳಿದದ್ದನ್ನೂ ನಿಮ್ಮ ಮುಂದಿಡುತ್ತೇವೆ. ಯಾವ ಮಗುವಿಗೆ ಯಾವ ಮದ್ದು, ಎಷ್ಟು ಎಂಬುದನ್ನು ವೈದ್ಯರೇ ಹೇಳಬೇಕು.

ಕಾಯಿಲೆ ಯಾವುದು, ಕಾಯಿಲೆಯಲ್ಲದ್ದು ಯಾವುದು

ವೈದ್ಯರು ಸೈಕೋಸಿಸ್ ಎನ್ನುತ್ತಾರೆ, ನಾವು ಚಿತ್ತವಿಕಲತೆ ಎನ್ನೋಣ. ಇಲ್ಲದ ದನಿ ಕೇಳುತ್ತದೆ. ಇಲ್ಲದ ವೈರಿ ಕಾಣುತ್ತಾನೆ. ಅನ್ನದಲ್ಲಿ ವಿಷ ಹಾಕಿದ್ದಾರೆ, ಎದುರುಮನೆಯವರು ನನ್ನ ಮನಸ್ಸಿನ ಮಾತನ್ನೆಲ್ಲ ತಿಳಿದುಕೊಳ್ಳುತ್ತಿದ್ದಾರೆ ಎಂದು ಮಗು ನಂಬುತ್ತದೆ. ನೀವು ಎಷ್ಟು ಸಮಾಧಾನ ಹೇಳಿದರೂ ಆ ನಂಬಿಕೆ ಕದಲುವುದಿಲ್ಲ. ಮಾತು ಒಂದಕ್ಕೊಂದು ಹೊಂದುವುದಿಲ್ಲ. ಇವು ಎದ್ದು ಕಾಣುವ ಲಕ್ಷಣಗಳು. ಇವಕ್ಕೂ ಮುಂಚೆ, ಕೆಲವೊಮ್ಮೆ ತಿಂಗಳುಗಟ್ಟಲೆ, ಸದ್ದಿಲ್ಲದ ಲಕ್ಷಣಗಳು ಬರುತ್ತವೆ. ಚೆನ್ನಾಗಿ ಓದುತ್ತಿದ್ದ ಹುಡುಗ ಹಿಂದೆ ಬೀಳುತ್ತಾನೆ. ಗೆಳೆಯರನ್ನು ಬಿಡುತ್ತಾನೆ. ಸ್ನಾನ ಬೇಡ, ಬಟ್ಟೆ ಬದಲಿಸುವುದು ಬೇಡ. ರಾತ್ರಿಯೆಲ್ಲ ಎದ್ದು ಕೂರುತ್ತಾನೆ. ಶಾಲೆಯಲ್ಲಿ ಇಂಥ ಹುಡುಗನಿಗೆ ಸೋಮಾರಿ ಎಂದು ಹೆಸರಿಡುತ್ತಾರೆ. ಮನೆಯಲ್ಲಿ ಕೊಬ್ಬು ಎನ್ನುತ್ತಾರೆ.

ಈ ಕಾಯಿಲೆ 13 ವರ್ಷದ ಒಳಗಿನ ಮಕ್ಕಳಿಗೆ ಬರುವುದು ಬಹಳ ಅಪರೂಪ. ಇದರಲ್ಲಿ ಬಲವಾದ ಬಗೆಯಾದ ಸ್ಕಿಜೋಫ್ರೇನಿಯಾ ಆ ವಯಸ್ಸಿನಲ್ಲಿ 10,000 ಮಕ್ಕಳಿಗೆ ಒಂದಕ್ಕಿಂತಲೂ ಕಡಿಮೆ. 15 ದಾಟಿದ ಮೇಲೆ ಸಂಖ್ಯೆ ಏರುತ್ತದೆ. 25ರ ತನಕದ ವಯಸ್ಸೇ ಇದರ ಮುಖ್ಯ ಕಾಲ. ಎಂದರೆ ಎಸ್.ಎಸ್.ಎಲ್.ಸಿ. ಓದುವ, ಮೊದಲ ಕೆಲಸಕ್ಕೆ ಸೇರುವ, ಮದುವೆಯ ಮಾತು ಬರುವ ವಯಸ್ಸು. ಮನೆಗೆ ಆಸರೆಯಾಗಲಿ ಎಂದು ಕಾದ ಕಾಲಕ್ಕೇ ಏಟು ಬೀಳುತ್ತದೆ.

ಹಾಗೆಂದು, ಮಗು ಏನೋ ಕೇಳಿಸಿತು ಎಂದ ಕೂಡಲೆ ಎದೆಯೊಡೆದುಕೊಳ್ಳಬೇಡಿ. ಹಲವು ದೇಶಗಳಲ್ಲಿ ನಡೆದ ಅಧ್ಯಯನಗಳನ್ನು 2012ರಲ್ಲಿ ಒಟ್ಟುಗೂಡಿಸಿ ನೋಡಿದರು. 9ರಿಂದ 12 ವರ್ಷದ ಮಕ್ಕಳಲ್ಲಿ ನೂರಕ್ಕೆ ಸುಮಾರು 17 ಮಂದಿ, 13ರಿಂದ 18ರವರಲ್ಲಿ ನೂರಕ್ಕೆ ಏಳೆಂಟು ಮಂದಿ, ಇಂಥ ಅನುಭವ ಒಮ್ಮೆಯಾದರೂ ಆದುದುಂಟು ಎಂದಿದ್ದರು. ಇವರಲ್ಲಿ ಬಹುಪಾಲು ಮಕ್ಕಳಿಗೆ ಅದು ತಾನಾಗಿ ಹೋಗುತ್ತದೆ. ಸಣ್ಣ ಮಗು ಗೊಂಬೆಯ ಜೊತೆ ಮಾತಾಡುವುದು, ಸತ್ತ ಅಜ್ಜಿ ಕರೆದಂತಾಯಿತು ಎನ್ನುವುದು ಕಾಯಿಲೆಯಲ್ಲ. ದನಿ ವಾರಗಟ್ಟಲೆ ಬಿಡದೆ ಬಂದರೆ, ಅದರ ಭಯದಿಂದ ಊಟ, ನಿದ್ದೆ, ಶಾಲೆ ಕೆಟ್ಟರೆ, ಆಗ ಹೊರಡಬೇಕು.

ವೈದ್ಯರ ಬಳಿ ಹೋದಾಗ ಅವರು ಮೊದಲು ಮೈಯನ್ನೇ ಪರೀಕ್ಷೆ ಮಾಡುತ್ತಾರೆ. ಮಿದುಳಿಗೆ ಏರಿದ ಜ್ವರ, ಮೂರ್ಛೆರೋಗ, ಥೈರಾಯ್ಡ್ ಗ್ರಂಥಿಯ ದೋಷ, ಮೈಯಲ್ಲಿ ತಾಮ್ರ ಸೇರಿಕೊಳ್ಳುವ ವಿಲ್ಸನ್ ಕಾಯಿಲೆ, ಇವೂ ಮಕ್ಕಳಲ್ಲಿ ಹುಚ್ಚಿನಂತೆಯೇ ಕಾಣಿಸಿಕೊಳ್ಳಬಹುದು. 2007ರಲ್ಲಿ ಹೊಸದಾಗಿ ಗುರುತಿಸಿದ ಒಂದು ಮಿದುಳಿನ ಉರಿಯೂತವಂತೂ ಚೆನ್ನಾಗಿದ್ದ ಹುಡುಗಿಯನ್ನು ಕೆಲವೇ ದಿನಗಳಲ್ಲಿ ಚಿತ್ತಭ್ರಮೆಗೆ ತಳ್ಳುತ್ತದೆ. ಅದಕ್ಕೆ ಬೇರೆಯೇ ಚಿಕಿತ್ಸೆ ಉಂಟು, ಬೇಗ ಕೊಟ್ಟರೆ ಗುಣವೂ ಉಂಟು. ಇಂಥ ಮಗುವಿಗೆ ತಾಯತ ಕಟ್ಟಿ ಬೂದಿ ಹಚ್ಚಿ ಕೂತರೆ ಕಳೆದುಹೋಗುವುದು ಜೀವವೇ.

ಗಾಂಜಾದ ಮಾತನ್ನೂ ಹೇಳಬೇಕು. ಸ್ವೀಡನ್ ದೇಶದಲ್ಲಿ ಸೈನ್ಯಕ್ಕೆ ಕರೆಸಿದ 45,000ಕ್ಕೂ ಹೆಚ್ಚು ಯುವಕರನ್ನು 15 ವರ್ಷ ಗಮನಿಸಿ 1987ರಲ್ಲಿ ಒಂದು ವರದಿ ಪ್ರಕಟಿಸಿದರು. 50 ಸಲಕ್ಕಿಂತ ಹೆಚ್ಚು ಗಾಂಜಾ ಸೇದಿದ್ದವರಿಗೆ ಸ್ಕಿಜೋಫ್ರೇನಿಯಾ ಬರುವ ಸಂಭವ ಸೇದದವರಿಗಿಂತ 6 ಪಟ್ಟು ಇತ್ತು. ಸೇದಿದವರಿಗೆಲ್ಲ ಬರುತ್ತದೆಂದಲ್ಲ. ಆದರೂ ಬೆಳೆಯುವ ಮಿದುಳಿನ ಹುಡುಗರ ಕೈಗೆ ಅದನ್ನು ಮಾರುವವರು ಯಾವ ಸರಕು ಮಾರುತ್ತಿದ್ದಾರೆಂದು ಪೇಟೆಯ ಬಂಧುಗಳು ತಿಳಿದಿರಲಿ.

ತಾಯಿಯ ತಪ್ಪಲ್ಲ

ತಾಯಂದಿರಿಗೆ ಒಂದು ಮಾತು. ಬಸುರಿಯಿದ್ದಾಗ ಗ್ರಹಣ ನೋಡಿದಳು, ಮಗುವನ್ನು ಅತಿಯಾಗಿ ಮುದ್ದು ಮಾಡಿದಳು, ಎಂದು ನಮ್ಮಲ್ಲಿ ದೂರುತ್ತಾರೆ. ಓದಿದವರೂ ಇದರಲ್ಲಿ ಹಿಂದೆ ಬಿದ್ದಿಲ್ಲ. ಅಮೆರಿಕದಲ್ಲಿ 1948ರಲ್ಲಿ ಹೆಸರುವಾಸಿಯಾದ ಒಬ್ಬ ಮನೋವೈದ್ಯೆಯೇ, ತಾಯಿಯ ನಡತೆಯಿಂದ ಈ ಕಾಯಿಲೆ ಬರುತ್ತದೆಂದು ಬರೆದರು. ಬಹಳ ವರ್ಷ ಆ ಮಾತು ನಡೆಯಿತು. ಸಾವಿರಾರು ತಾಯಂದಿರು ಆ ಅಪವಾದ ಹೊತ್ತರು. ಆಮೇಲಿನ ಸಂಶೋಧನೆ ಅದನ್ನು ಸುಳ್ಳೆಂದು ತೋರಿಸಿತು. ವಂಶದಿಂದ ಬರುವ ಒಲವು, ಹುಟ್ಟುವ ಮೊದಲೂ ಹುಟ್ಟುವಾಗಲೂ ಆಗುವ ತೊಡಕು, ಮಿದುಳಿನ ಬೆಳವಣಿಗೆ, ಜೊತೆಗೆ ಬದುಕಿನ ಪೆಟ್ಟು, ಎಲ್ಲವೂ ಕೂಡಿ ಆಗುವ ಕಾಯಿಲೆ ಇದು. ಯಾರ ಪಾಪವೂ ಅಲ್ಲ, ಯಾರ ಮಾಟವೂ ಅಲ್ಲ.

ಮದ್ದು ಬಂದ ದಾರಿ

ಈ ಕಾಯಿಲೆಗೆ ಮದ್ದು ಬಂದು ಇನ್ನೂ ನೂರು ವರ್ಷವಾಗಿಲ್ಲ. ನಮ್ಮ ದೇಶದಲ್ಲಿ ಸರ್ಪಗಂಧದ ಬೇರನ್ನು ಹುಚ್ಚಿಗೆ ಕೊಡುವುದು ಹಳೆಯ ಪದ್ಧತಿ. 1931ರಲ್ಲಿ ಗಣನಾಥ ಸೇನ್, ಕಾರ್ತಿಕಚಂದ್ರ ಬೋಸ್ ಎಂಬ ಇಬ್ಬರು ಅದರ ಗುಣವನ್ನು ವೈದ್ಯಪತ್ರಿಕೆಯಲ್ಲಿ ಬರೆದರು. 1952ರಲ್ಲಿ ಸ್ವಿಟ್ಜರ್ಲೆಂಡಿನ ಒಂದು ಕಂಪನಿ ಆ ಬೇರಿನಿಂದ ರೆಸರ್ಪಿನ್ ಎಂಬ ಸಾರವನ್ನು ತೆಗೆಯಿತು. ಕೆಲವು ವರ್ಷ ಅದು ನಡೆದು, ಅದಕ್ಕಿಂತ ಒಳ್ಳೆಯವು ಬಂದ ಮೇಲೆ ಹಿಂದೆ ಸರಿಯಿತು.

ಒಳ್ಳೆಯವುಗಳಲ್ಲಿ ಮೊದಲನೆಯದು ಕ್ಲೋರ್‌ಪ್ರೊಮಝಿನ್. 1950ರಲ್ಲಿ ಫ್ರಾನ್ಸಿನಲ್ಲಿ ತಯಾರಾಯಿತು. ಶಸ್ತ್ರಚಿಕಿತ್ಸೆಯ ರೋಗಿಗಳನ್ನು ಶಾಂತಗೊಳಿಸಲು ಬಳಸುತ್ತಿದ್ದುದನ್ನು 1952ರಲ್ಲಿ ಪ್ಯಾರಿಸಿನ ಸೇಂಟ್ ಆನ್ ಆಸ್ಪತ್ರೆಯ ಜಾನ್ ಡಿಲೇ ಮತ್ತು ಪಿಯೆರ್ ಡೆನಿಕರ್ ಚಿತ್ತವಿಕಲತೆಯವರಿಗೆ ಕೊಟ್ಟು ನೋಡಿದರು. ಕೂಗಾಟದಿಂದ ತುಂಬಿದ್ದ ವಾರ್ಡುಗಳು ಮೊದಲ ಸಲ ಶಾಂತವಾದವು. ವರ್ಷಗಟ್ಟಲೆ ಗೋಡೆಯ ಹಿಂದೆ ಇದ್ದವರು ಮನೆಗೆ ಹೋಗುವಂತಾಯಿತು. ಇದು ಹೇಗೆ ಆಯಿತೆಂಬುದು ಆಮೇಲೆ ತಿಳಿಯಿತು. ಮಿದುಳಿನಲ್ಲಿ ಡೋಪಮಿನ್ ಎಂಬ ವಸ್ತು ಒಂದು ನರದಿಂದ ಇನ್ನೊಂದಕ್ಕೆ ಸುದ್ದಿ ಒಯ್ಯುತ್ತದೆ. ಈ ಕಾಯಿಲೆಯಲ್ಲಿ ಆ ಸುದ್ದಿಯ ಓಡಾಟ ಕೆಲವು ಕಡೆ ಅತಿಯಾಗುತ್ತದೆ. ಮದ್ದು ಹೋಗಿ ಸುದ್ದಿ ಇಳಿಯುವ ಬಾಗಿಲನ್ನು ಅರೆಮುಚ್ಚುತ್ತದೆ. ಆದ್ದರಿಂದಲೇ ಕೂಗಾಟವೂ ಸಂಶಯವೂ ಇಳಿಯುತ್ತವೆ.

ಗುಳಿಗೆಯಿಂದ ಎಷ್ಟು ಗುಣ?

ಈಗ ಮುಖ್ಯ ಲೆಕ್ಕಕ್ಕೆ ಬರೋಣ. ಅಂಗಡಿಯವರು ಲೆಕ್ಕ ಬಲ್ಲವರು. ಲಾಭವನ್ನೂ ನಷ್ಟವನ್ನೂ ಒಂದೇ ಪುಟದಲ್ಲಿ ಬರೆಯುವವರು. ಹಾಗೆಯೇ ನೋಡೋಣ.

ದೊಡ್ಡವರಲ್ಲಿ ಮೊದಲ ಸಲ ಕಾಯಿಲೆ ಬಂದಾಗ ಬಹುಪಾಲು ಜನರಿಗೆ ಮದ್ದು ಹಿಡಿಯುತ್ತದೆ. ಮಕ್ಕಳಲ್ಲಿ ಅಷ್ಟು ಸುಲಭವಾಗಿ ಹಿಡಿಯುವುದಿಲ್ಲ. ಎಷ್ಟು ಚಿಕ್ಕ ವಯಸ್ಸಿಗೆ ಬಂದರೆ ಅಷ್ಟು ಹಟಮಾರಿ ಕಾಯಿಲೆ. ಅಮೆರಿಕದಲ್ಲಿ 8ರಿಂದ 19 ವರ್ಷದ 119 ಮಕ್ಕಳಿಗೆ ಮೂರು ಮದ್ದುಗಳನ್ನು ಹಂಚಿ ಎಂಟು ವಾರ ಹೋಲಿಸಿದರು. ಫಲಿತಾಂಶ 2008ರಲ್ಲಿ ಹೊರಬಂತು. ಮೋಲಿಂಡೋನ್ ಎಂಬ ಹಳೆಯ ಮದ್ದಿನಿಂದ ನೂರಕ್ಕೆ 50 ಮಕ್ಕಳಿಗೆ, ರಿಸ್ಪೆರಿಡೋನ್‌ನಿಂದ 46ಕ್ಕೆ, ಓಲಾನ್ಝಪಿನ್‌ನಿಂದ 34ಕ್ಕೆ ಸಾಕಷ್ಟು ಗುಣ ಕಂಡಿತು. ಹೊಸದು, ದುಬಾರಿಯದು ಎಂದು ಕಂಪನಿಗಳು ಹೊತ್ತು ಮೆರೆಸಿದ ಮದ್ದುಗಳು ಹಳೆಯದಕ್ಕಿಂತ ಮೇಲಾಗಿ ನಿಲ್ಲಲಿಲ್ಲ. ಅರ್ಧದಷ್ಟು ಮಕ್ಕಳಿಗೆ ಮೊದಲ ಮದ್ದು ಸಾಲದು ಎಂಬುದೂ ಅಲ್ಲಿಯೇ ತಿಳಿಯಿತು.

ಇದನ್ನು ಕೇಳಿ ಕೈಚೆಲ್ಲಬಾರದು. ಒಂದು ಮದ್ದು ಹಿಡಿಯದಿದ್ದರೆ ಇನ್ನೊಂದು ಉಂಟು. ಆದರೆ ಪ್ರತಿಯೊಂದಕ್ಕೂ ಕಾಲ ಕೊಡಬೇಕು. ನಿದ್ದೆ ಮತ್ತು ಹಾರಾಟ ಕೆಲವು ದಿನಗಳಲ್ಲಿ ಸುಧಾರಿಸುತ್ತವೆ. ದನಿ ಮತ್ತು ಸಂಶಯ ನಿಧಾನ, ವಾರಗಳು ಬೇಕು. ಎರಡು ವಾರದಲ್ಲಿ ಸ್ವಲ್ಪವೂ ಬದಲಾವಣೆಯಿಲ್ಲದಿದ್ದರೆ ವೈದ್ಯರು ಪ್ರಮಾಣವನ್ನು ಮತ್ತೆ ನೋಡುತ್ತಾರೆ. ತಕ್ಕ ಪ್ರಮಾಣದಲ್ಲಿ ನಾಲ್ಕರಿಂದ ಆರು ವಾರ ಕೊಟ್ಟ ಮೇಲೆ ಮಾತ್ರ ಆ ಮದ್ದು ಹಿಡಿಯಿತೋ ಇಲ್ಲವೋ ಎಂದು ಹೇಳಬಹುದು. ನಾಲ್ಕು ದಿನ ಕೊಟ್ಟು, ಗುಣವಿಲ್ಲವೆಂದು ಬಿಸಾಕಿ, ಬೇರೆ ವೈದ್ಯರ ಮನೆಗೆ ಹೋಗುವವರು ಪ್ರತಿ ಸಲವೂ ಮೊದಲಿನಿಂದ ಶುರು ಮಾಡುತ್ತಾರೆ.

ಎರಡು ಬೇರೆ ಬೇರೆ ಮದ್ದು ಸರಿಯಾಗಿ ಕೊಟ್ಟರೂ ಹಿಡಿಯದಿದ್ದರೆ ಕ್ಲೋಝಪಿನ್ ಎಂಬುದೊಂದು ಉಂಟು. ಇದರ ಕಥೆ ತಿಳಿಯಬೇಕಾದದ್ದು. 1975ರಲ್ಲಿ ಫಿನ್‌ಲೆಂಡಿನಲ್ಲಿ ಇದನ್ನು ತಿಂದ 8 ಮಂದಿ ರಕ್ತದ ಬಿಳಿಕಣ ಕುಸಿದು ಸತ್ತರು. ಹಲವು ದೇಶಗಳಲ್ಲಿ ಮದ್ದನ್ನು ಹಿಂತೆಗೆದರು. ಆದರೆ ಬೇರಾವುದರಿಂದಲೂ ಗುಣವಾಗದವರು ಇದರಿಂದ ಎದ್ದು ಕೂತದ್ದನ್ನು ವೈದ್ಯರು ಮರೆಯಲಿಲ್ಲ. 1988ರಲ್ಲಿ ಅಮೆರಿಕದಲ್ಲಿ ಪ್ರಯೋಗ ನಡೆಸಿ ನೋಡಿದರೆ, ಬೇರೆ ಮದ್ದಿಗೆ ಬಗ್ಗದ ದೊಡ್ಡವರಲ್ಲಿ ನೂರಕ್ಕೆ 30 ಮಂದಿಗೆ ಕ್ಲೋಝಪಿನ್ ಹಿಡಿಯಿತು. ಕ್ಲೋರ್‌ಪ್ರೊಮಝಿನ್ ಹಿಡಿದದ್ದು 4 ಮಂದಿಗೆ. 1996ರಲ್ಲಿ ಸರಾಸರಿ 14 ವರ್ಷದ 21 ಮಕ್ಕಳಲ್ಲಿ ಹ್ಯಾಲೋಪೆರಿಡಾಲ್ ಜೊತೆ ಹೋಲಿಸಿದಾಗಲೂ ಕ್ಲೋಝಪಿನ್ನೇ ಮೇಲಾಯಿತು. ರಕ್ತದ ಭಯ ಹೋಗಿಲ್ಲ. ಅದಕ್ಕೆಂದೇ ಮೊದಲ 18 ವಾರ ವಾರಕ್ಕೊಮ್ಮೆ, ಆಮೇಲೆ ಅಂತರ ಬಿಟ್ಟು, ರಕ್ತ ಪರೀಕ್ಷೆ ಮಾಡಿಸುವ ಪದ್ಧತಿ ಬಂತು. ಜ್ವರ, ಗಂಟಲುನೋವು ಬಂದರೆ ಅಂದೇ ಆಸ್ಪತ್ರೆಗೆ ಓಡಬೇಕು. ಮಲಬದ್ಧತೆಯನ್ನೂ ಹಗುರವಾಗಿ ನೋಡಬಾರದು. ಎಚ್ಚರಿಕೆಯಿಂದ ಕೊಟ್ಟರೆ, ಕೈಬಿಟ್ಟೆವು ಎಂದುಕೊಂಡ ಮಗುವಿಗೆ ಇದೇ ಕೊನೆಯ ಬಾಗಿಲು.

ನಷ್ಟದ ಪುಟ

ಗುಳಿಗೆಯ ತೊಂದರೆಗಳನ್ನು ಮುಚ್ಚಿಡುವುದು ತಪ್ಪು. ಮುಚ್ಚಿಟ್ಟರೆ, ತೊಂದರೆ ಕಂಡ ದಿನವೇ ತಾಯಿ ಗುಳಿಗೆಯನ್ನು ಒಲೆಗೆ ಹಾಕುತ್ತಾಳೆ.

ಹ್ಯಾಲೋಪೆರಿಡಾಲ್‌ನಂಥ ಹಳೆಯ ಮದ್ದುಗಳಿಂದ ಕತ್ತು ಒಂದು ಕಡೆಗೆ ತಿರುಚಬಹುದು, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳಬಹುದು, ನಾಲಿಗೆ ಹೊರಳದಿರಬಹುದು. ಹರೆಯದ ಹುಡುಗರಲ್ಲಿ ಇದು ಹೆಚ್ಚು. ನೋಡಿದವರು ದೆವ್ವ ಮತ್ತೆ ಬಂತು ಎನ್ನುತ್ತಾರೆ. ಅದು ದೆವ್ವವಲ್ಲ, ಮದ್ದಿನ ತೊಡಕು; ಒಂದು ಇಂಜಕ್ಷನ್ ಕೊಟ್ಟರೆ ಬೇಗ ಬಿಡುತ್ತದೆ. ಕೆಲವರಿಗೆ ಕೂತಲ್ಲಿ ಕೂರಲಾಗದ ಚಡಪಡಿಕೆ, ಕೆಲವರಿಗೆ ಕೈನಡುಕ. ಹೊಸ ಮದ್ದುಗಳಲ್ಲಿ ಇವು ಕಡಿಮೆ, ಆದರೆ ಮೈ ಬೆಳೆಯುತ್ತದೆ. ಆಗ ಹೇಳಿದ 2008ರ ಪ್ರಯೋಗದಲ್ಲಿ ಎಂಟೇ ವಾರದಲ್ಲಿ ಓಲಾನ್ಝಪಿನ್ ತಿಂದ ಮಕ್ಕಳ ತೂಕ ಸರಾಸರಿ 6 ಕಿಲೋ ಏರಿತು. ರಿಸ್ಪೆರಿಡೋನ್ ತಿಂದವರದು ಮೂರೂವರೆ ಕಿಲೋ. ಅದನ್ನು ಕಂಡು ಓಲಾನ್ಝಪಿನ್ ಭಾಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಇಂಥ ಮಕ್ಕಳಿಗೆ ಸಕ್ಕರೆ ಕಾಯಿಲೆಯ ಭಯವಿದೆ. ರಿಸ್ಪೆರಿಡೋನ್‌ನಿಂದ ಕೆಲವು ಹುಡುಗಿಯರ ಮುಟ್ಟು ನಿಲ್ಲುತ್ತದೆ, ಕೆಲವರಿಗೆ ಎದೆಯಲ್ಲಿ ಹಾಲು ಬರುತ್ತದೆ. ಇದನ್ನು ತಿಳಿಯದ ಮನೆಗಳಲ್ಲಿ ಹುಡುಗಿಯ ನಡತೆಯ ಮೇಲೆ ಅಪವಾದ ಹೊರಿಸಿದ್ದೂ ಉಂಟು. ತಾಯಂದಿರೆ, ಇದನ್ನು ನೆನಪಿಡಿ. ಅದು ಗುಳಿಗೆಯ ಗುಣ, ಮಗಳ ತಪ್ಪಲ್ಲ.

ಆದ್ದರಿಂದ ಗುಳಿಗೆ ಶುರು ಮಾಡುವ ದಿನವೇ ಮಗುವಿನ ತೂಕ, ಸೊಂಟದ ಸುತ್ತಳತೆ, ರಕ್ತದ ಸಕ್ಕರೆ ಬರೆಸಿಕೊಳ್ಳಿ. ಮತ್ತೆ ಮತ್ತೆ ನೋಡಿಸಿ. ವೈದ್ಯರು ಮರೆತರೆ ನೀವೇ ಕೇಳಿ. ಗಿರಣಿಯ ಯಂತ್ರಕ್ಕೆ ಎಣ್ಣೆ ಬಿಟ್ಟ ದಿನವನ್ನು ಬರೆದಿಡುವವರು, ಮಗುವಿನ ತೂಕ ಬರೆದಿಡಲಾರದವರೆ?

ಗುಳಿಗೆ ನಿಲ್ಲಿಸುವ ಮಾತು

ನೂಲುವ ಖಾತೆಯ ಒಬ್ಬ ಸಂಗಾತಿಯ ಮಗಳ ಕಥೆ ಹೇಳುತ್ತೇವೆ. ಹೆಸರು ಬೇಡ. ಹುಡುಗಿಗೆ ಆಗ 15. ಪಾಠ ಓದುವಾಗ ಗಂಡಸಿನ ದನಿಯೊಂದು ತನ್ನನ್ನು ಬಯ್ಯುತ್ತದೆ ಎನ್ನುತ್ತಿದ್ದಳು. ಊಟ ಬಿಟ್ಟಳು. ಮನೆಯವರು ಐದು ತಿಂಗಳು ದೇವರು ಕೇಳಿಸಿದರು. ಕಡೆಗೆ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ದರು. ಗುಳಿಗೆ ಶುರುವಾಗಿ ಮೂರನೆಯ ವಾರಕ್ಕೆ ಹುಡುಗಿ ಅನ್ನ ತಿಂದಳು, ಎರಡನೆಯ ತಿಂಗಳಿಗೆ ದನಿ ದೂರವಾಯಿತು, ಶಾಲೆಗೂ ಹೋದಳು. ಏಳನೆಯ ತಿಂಗಳಲ್ಲಿ ಆಸ್ಪತ್ರೆಯಲ್ಲಿ ಆ ಗುಳಿಗೆ ಇರಲಿಲ್ಲ. ಮುಂದಿನ ವಾರ ಬನ್ನಿ ಎಂದರು. ಮುಂದಿನ ವಾರವೂ ಇರಲಿಲ್ಲ. ಅಪ್ಪ ನಮ್ಮ ಬಳಿ ಬಂದು, "ಮೇಷ್ಟ್ರೇ, ಮಗಳು ನೆಟ್ಟಗಾಗ್ಯಾಳ. ಇನ್ನ ಗುಳಿಗಿ ಯಾಕ್ರಿ? ಹೊರಗ ಕೊಂಡ್ರ ರೊಕ್ಕ, ಆಸ್ಪತ್ರಿಗೆ ಹೋದ್ರ ಪಾಳಿ ಹೋಗತೈತಿ" ಎಂದ. ನಾವು ನಿಲ್ಲಿಸಬೇಡ ಎಂದೆವು. ಸಂಘದಿಂದ ಹಣ ಹೊಂದಿಸಿ ಗುಳಿಗೆ ತರಿಸುವಷ್ಟರಲ್ಲಿ ಒಂದು ತಿಂಗಳು ಕಳೆದಿತ್ತು. ಆ ಹೊತ್ತಿಗೆ ದನಿ ಮರಳಿತ್ತು. ಎರಡನೆಯ ಸಲ ಅದೇ ಗುಳಿಗೆ ಮೊದಲಿನಷ್ಟು ಬೇಗ ಹಿಡಿಯಲಿಲ್ಲ; ಮೂರು ತಿಂಗಳು ಹಿಡಿಯಿತು; ಆ ವರ್ಷದ ಪರೀಕ್ಷೆ ಹೋಯಿತು. ಈಗ ಹುಡುಗಿ ಹೊಲಿಗೆ ಕಲಿತಿದ್ದಾಳೆ, ಪಿ.ಯು.ಸಿ.ಗೆ ಕಟ್ಟಿದ್ದಾಳೆ, ಗುಳಿಗೆ ತಪ್ಪಿಸುವುದಿಲ್ಲ.

ಇದು ಒಂದು ಮನೆಯ ಕಥೆ ಮಾತ್ರವಲ್ಲ. ಮೊದಲ ಸಲ ಕಾಯಿಲೆ ಬಂದು ಗುಣವಾದವರನ್ನು ಐದು ವರ್ಷ ಗಮನಿಸಿದ ಒಂದು ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಮದ್ದು ನಿಲ್ಲಿಸಿದವರಿಗೆ ಕಾಯಿಲೆ ಮರಳುವ ಸಂಭವ, ತಿನ್ನುತ್ತಿದ್ದವರಿಗಿಂತ ಸುಮಾರು 5 ಪಟ್ಟು ಇತ್ತು. ಹಾಗಾದರೆ ಸಾಯುವ ತನಕ ಗುಳಿಗೆಯೆ ಎಂದು ಕೇಳುತ್ತೀರಿ. ಎಲ್ಲರಿಗೂ ಹಾಗಲ್ಲ. ಜ್ವರ, ಗಾಂಜಾ ಇಂಥ ಕಾರಣದಿಂದ ಬಂದು ಹೋದದ್ದಾದರೆ ಬೇಗ ನಿಲ್ಲಿಸಬಹುದು. ಉಳಿದವರಿಗೆ, ಪೂರ್ತಿ ಗುಣವಾದ ಮೇಲೂ ಒಂದೆರಡು ವರ್ಷವಾದರೂ ಮುಂದುವರಿಸಿ, ಆಮೇಲೆ ವೈದ್ಯರ ಕಣ್ಣ ಮುಂದೆ ಸ್ವಲ್ಪ ಸ್ವಲ್ಪವಾಗಿ ಇಳಿಸಿ ನೋಡುತ್ತಾರೆ. ಕೆಲವರಿಗೆ ಬಹುಕಾಲ ಬೇಕಾಗುತ್ತದೆ. ತಟ್ಟನೆ ನಿಲ್ಲಿಸುವುದು ಮಾತ್ರ ಯಾರಿಗೂ ಸಲ್ಲದು.

ಮನೆಯೂ ಮದ್ದು

ಗುಳಿಗೆ ದನಿಯನ್ನು ತಗ್ಗಿಸುತ್ತದೆ. ಕಳೆದುಹೋದ ಗೆಳೆತನವನ್ನೂ ತಪ್ಪಿದ ಪಾಠವನ್ನೂ ಅದು ತಂದುಕೊಡಲಾರದು. ಆ ಕೆಲಸ ಮನೆಯದು, ಶಾಲೆಯದು, ಓಣಿಯದು. ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಎಂಬ ಸಮಾಜವಿಜ್ಞಾನಿ ಮತ್ತು ಅವರ ಜೊತೆಗಾರರು 1972ರಲ್ಲಿ ಒಂದು ವಿಷಯ ತೋರಿಸಿದರು. ಆಸ್ಪತ್ರೆಯಿಂದ ಮನೆಗೆ ಹೋದವರಲ್ಲಿ, ಮನೆಯವರು ಸದಾ ಜರೆಯುತ್ತ, ಹಗೆ ತೋರುತ್ತ, ಅತಿಯಾಗಿ ಮೇಲೆ ಬೀಳುತ್ತ ಇದ್ದ ಮನೆಗಳಲ್ಲಿ ಒಂಬತ್ತು ತಿಂಗಳಲ್ಲಿ ನೂರಕ್ಕೆ 58 ಮಂದಿಗೆ ಕಾಯಿಲೆ ಮರಳಿತು. ಸಮಾಧಾನದ ಮನೆಗಳಲ್ಲಿ ಮರಳಿದ್ದು 16 ಮಂದಿಗೆ. ಮನೆಯವರಿಂದ ಕಾಯಿಲೆ ಹುಟ್ಟಿತೆಂದು ಇದರ ಅರ್ಥವಲ್ಲ. ನಿತ್ಯದ ಜರೆತ ಗುಣವಾಗುತ್ತಿರುವ ಗಾಯವನ್ನು ಕೆರೆದಂತೆ.

ನಮ್ಮ ದೇಶ ಈ ವಿಷಯದಲ್ಲಿ ಹಿಂದಿಲ್ಲ. ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ 1950ರ ದಶಕದಲ್ಲಿ ಡಾ. ವಿದ್ಯಾಸಾಗರ್ ಎಂಬವರು ಆಸ್ಪತ್ರೆಯ ಬಯಲಿನಲ್ಲಿ ಡೇರೆ ಹಾಕಿಸಿ, ರೋಗಿಗಳ ಜೊತೆ ಮನೆಯವರನ್ನೂ ಇರಿಸಿಕೊಂಡರು. ಮನೆಯವರು ಕಾಯಿಲೆಯನ್ನು ಅರಿತರು. ರೋಗಿಗಳು ಬೇಗ ಮನೆ ಸೇರಿದರು.

ಮನೆಯಲ್ಲಿ ಏನು ಮಾಡಬೇಕು? ದನಿ ಸುಳ್ಳು ಎಂದು ಮಗುವಿನ ಜೊತೆ ವಾದಕ್ಕೆ ನಿಲ್ಲಬೇಡಿ; ಹೌದೆಂದು ತಲೆಯಾಡಿಸಲೂ ಬೇಡಿ. "ನಿನಗೆ ಕೇಳಿಸುತ್ತದೆ, ಭಯವಾಗುತ್ತದೆ, ನಾವಿದ್ದೇವೆ" ಎಂದರೆ ಸಾಕು. ಹೊತ್ತಿಗೆ ಊಟ, ಹೊತ್ತಿಗೆ ನಿದ್ದೆ, ಕೈಗೆ ಸಣ್ಣ ಕೆಲಸ. ಮಗು ಸಾಯುವ ಮಾತಾಡಿದರೆ ಅದನ್ನು ಬೆದರಿಕೆಯೆಂದು ತಳ್ಳಿಹಾಕದೆ ಅಂದೇ ವೈದ್ಯರಿಗೆ ತೋರಿಸಿ. ಶಾಲೆಯ ಮೇಷ್ಟರುಗಳಿಗೆ ನಾವು ಹೇಳುವುದು ಇಷ್ಟೆ: ಇದ್ದಕ್ಕಿದ್ದಂತೆ ಹಿಂದೆ ಬಿದ್ದ ಮಗುವನ್ನು ಹೊಡೆಯಬೇಡಿ, ಅದರ ಮನೆಗೆ ಹೋಗಿ ಬನ್ನಿ.

ಸಂಕೋಲೆಯ ಮಾತು ಎತ್ತಲೇ ಬೇಕು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿತ್ತು. ಗುಣವಾಗಲೆಂದು ತಂದು ಬಿಟ್ಟಿದ್ದ 28 ಮಂದಿ ಸತ್ತರು. ಸರಪಳಿ ಹಾಕಿ ಕಟ್ಟಿದ್ದರು, ಓಡಲಾಗಲಿಲ್ಲ. ದೇವರಿಗೆ ಕೈಮುಗಿಯಬೇಡಿ ಎಂದು ನಾವು ಯಾರಿಗೂ ಹೇಳುವುದಿಲ್ಲ. ಹರಕೆ ಹೊತ್ತುಕೊಳ್ಳಿ, ಗುಳಿಗೆಯನ್ನೂ ಕೊಡಿ. ಮಗುವನ್ನು ಕಂಬಕ್ಕೆ ಮಾತ್ರ ಕಟ್ಟಬೇಡಿ.

ನಮ್ಮ ಹಕ್ಕು

ಈಗ ಸರ್ಕಾರದ ಲೆಕ್ಕ. ಬೆಂಗಳೂರಿನಲ್ಲಿ 1954ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೇ 1974ರಲ್ಲಿ ಅಲ್ಲಿನ ಹಳೆಯ ಮಾನಸಿಕ ಆಸ್ಪತ್ರೆಯ ಜೊತೆ ಕೂಡಿ ನಿಮ್ಹಾನ್ಸ್ ಆಯಿತು. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಹಳ್ಳಿಯ ಹತ್ತಿರವೇ ಚಿಕಿತ್ಸೆ ಕೊಡಬಹುದೆಂಬುದನ್ನು 1985ರಿಂದ ಬಳ್ಳಾರಿ ಜಿಲ್ಲೆಯಲ್ಲಿ ಮಾಡಿ ತೋರಿಸಿದರು. ಅದನ್ನೇ ಮಾದರಿಯಾಗಿಟ್ಟು 1996ರಲ್ಲಿ ಕೇಂದ್ರ ಸರ್ಕಾರ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಆರಂಭಿಸಿತು. ಇಡೀ ದೇಶಕ್ಕೆ ದಾರಿ ತೋರಿಸಿದ್ದು ನಮ್ಮ ನಾಡು. ಹೀಗಿದ್ದೂ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಈ ಬಗೆಯ ಕಾಯಿಲೆಯವರಲ್ಲಿ ನಾಲ್ವರಲ್ಲಿ ಸುಮಾರು ಮೂವರಿಗೆ ಚಿಕಿತ್ಸೆ ಮುಟ್ಟಿರಲಿಲ್ಲ.

ಕಾನೂನು ದುರ್ಬಲವಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಅದರ 18ನೆಯ ಕಲಮಿನ ಪ್ರಕಾರ ಅಗತ್ಯ ಔಷಧಿಗಳ ಪಟ್ಟಿಯಲ್ಲಿರುವ ಮದ್ದುಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಹಿಡಿದು ಮೇಲಿನ ಎಲ್ಲ ಸರ್ಕಾರಿ ಆಸ್ಪತ್ರೆಗಳಲ್ಲಿ, ಎಲ್ಲ ಕಾಲದಲ್ಲೂ, ಉಚಿತವಾಗಿ ಸಿಗತಕ್ಕದ್ದು. ರಿಸ್ಪೆರಿಡೋನ್, ಹ್ಯಾಲೋಪೆರಿಡಾಲ್, ಕ್ಲೋಝಪಿನ್ ಮೂರೂ 2022ರ ರಾಷ್ಟ್ರೀಯ ಪಟ್ಟಿಯಲ್ಲಿವೆ. ಎಂದ ಮೇಲೆ "ಸ್ಟಾಕ್ ಇಲ್ಲ" ಎಂಬ ಉತ್ತರ ಕಾನೂನಿನ ಉಲ್ಲಂಘನೆ. ನೂಲುವ ಖಾತೆಯ ಆ ಮಗಳ ಒಂದು ವರ್ಷವನ್ನು ನುಂಗಿದ್ದು ಆ ಎರಡು ಪದ.

ಅದೇ ಕಾಯಿದೆಯ 87ನೆಯ ಕಲಮು, ಆಸ್ಪತ್ರೆಗೆ ಸೇರಿದ ಮಗುವನ್ನು ದೊಡ್ಡವರಿಂದ ಬೇರೆಯಾಗಿ ಇರಿಸಬೇಕು, ಮನೆಯವರೊಬ್ಬರು ಜೊತೆಗಿರಬೇಕು ಎನ್ನುತ್ತದೆ. 95ನೆಯ ಕಲಮು ಸಂಕೋಲೆಯನ್ನು ನಿಷೇಧಿಸುತ್ತದೆ. 21ನೆಯ ಕಲಮು, ಮೈಯ ಕಾಯಿಲೆಗೆ ಇರುವ ವಿಮೆ ಮನಸ್ಸಿನ ಕಾಯಿಲೆಗೂ ಇರಬೇಕು ಎನ್ನುತ್ತದೆ. ಇ.ಎಸ್.ಐ. ಚೀಟಿಯಿರುವ ಸಂಗಾತಿಗಳು ತಮ್ಮ ಚಿಕ್ಕ ಮಕ್ಕಳಿಗೂ ಅದರ ವೈದ್ಯಕೀಯ ನೆರವು ಉಂಟೆಂಬುದನ್ನು ಮರೆಯಬಾರದು. ಅಂಗಡಿಯವರಿಗೆ ಆ ಚೀಟಿಯಿಲ್ಲ. ಅವರಿಗೆ ಸರ್ಕಾರಿ ಆಸ್ಪತ್ರೆಯೇ ಗತಿ. ಆದ್ದರಿಂದಲೇ ಈ ಬೇಡಿಕೆಯಲ್ಲಿ ಗಿರಣಿಯೂ ಪೇಟೆಯೂ ಒಂದಾಗಬೇಕು. ಹೊರಡಲು ಆಗದ ಹೊತ್ತಿನಲ್ಲಿ 14416 ಎಂಬ ಸಂಖ್ಯೆಗೆ ಹಣವಿಲ್ಲದೆ ಫೋನ್ ಮಾಡಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಅದು, ಕನ್ನಡದಲ್ಲಿಯೇ ಮಾತಾಡುತ್ತಾರೆ.

ನಾವು ಈ ಸಭೆಯ ಮುಂದೆ ಮೂರು ಕೆಲಸ ಇಡುತ್ತೇವೆ. ಒಂದು: ತಾಲ್ಲೂಕು ಆಸ್ಪತ್ರೆಯಲ್ಲಿ ಈ ಗುಳಿಗೆಗಳು ಇವೆಯೋ ಇಲ್ಲವೋ ಎಂದು ಸಂಘದ ಇಬ್ಬರು, ವರ್ತಕರ ಇಬ್ಬರು ತಿಂಗಳಿಗೊಮ್ಮೆ ಹೋಗಿ ಕೇಳಿ ಬರೆದುಕೊಂಡು ಬರಬೇಕು, ಇಲ್ಲದಿದ್ದರೆ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಲಿಖಿತ ಅರ್ಜಿ ಹೋಗಬೇಕು. ಎರಡು: ಮಗುವನ್ನು ಆಸ್ಪತ್ರೆಗೆ ಕರೆದೊಯ್ಯುವ ದಿನಕ್ಕೆ ಸಂಬಳದ ರಜೆ ಬೇಕೆಂದು ಆಡಳಿತದವರ ಮುಂದೆ ಮುಂದಿನ ಮಾತುಕತೆಯಲ್ಲಿ ಇಡಬೇಕು. ಮೂರು: ಗುಳಿಗೆ ತಪ್ಪುವ ಸ್ಥಿತಿ ಬಂದ ಮನೆಗೆ ಅದೇ ವಾರ ಕೊಡಲು ಸಂಘದಲ್ಲಿ ಸಣ್ಣ ನಿಧಿಯೊಂದು ಇರಬೇಕು. ಒಂದು ತಿಂಗಳು ತಡವಾದರೆ ಏನಾಗುತ್ತದೆಂದು ಈಗ ಕೇಳಿದಿರಿ.

ನಿಮ್ಮ ಓಣಿಯಲ್ಲಿ ಬಾಗಿಲು ಹಾಕಿಕೊಂಡಿರುವ ಮನೆ ಯಾವುದೆಂದು ನಮಗಿಂತ ನಿಮಗೇ ಚೆನ್ನಾಗಿ ಗೊತ್ತು. ನಾಳೆ ಆ ಬಾಗಿಲು ತಟ್ಟಿ. ಆ ತಂದೆಯನ್ನು ಕಾರಣ ಕೇಳಿ ನೋಯಿಸಬೇಡಿ. ಆಸ್ಪತ್ರೆಗೆ ಜೊತೆಗೆ ಬರುತ್ತೇವೆ ಎನ್ನಿ. ನಿಧಿಯ ಪಟ್ಟಿ ಇಲ್ಲಿ ಮೇಜಿನ ಮೇಲಿದೆ. ಹೊರಡುವ ಮುನ್ನ ಕೈಲಾದಷ್ಟು ಬರೆಸಿ ಹೋಗಿ ಎಂದು ಕೇಳಿಕೊಂಡು ನಮ್ಮ ಮಾತು ಮುಗಿಸುತ್ತೇವೆ.